ಒಳಗೆ ಗಾಳಿ, ಹೊರಗೆ ಶಾಯಿ

ಅಪ್ಪನ ಪೆನ್ನು ಸಿಕ್ಕಿದ್ದು ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ, ಹಳೆಯ ಪಾಠ ಟಿಪ್ಪಣಿಗಳ ಅಡಿಯಲ್ಲಿ. ಎಬೋನೈಟಿನ ಪೆನ್ನು. ಅಪ್ಪನ ಜೇಬಿನಲ್ಲಿದ್ದಾಗ ಮಿರಮಿರ ಮಿಂಚುತ್ತಿದ್ದ ಕಪ್ಪು ಈಗ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿತ್ತು. ಮುಚ್ಚಳ ತಿರುಗಿಸಿದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಒದ್ದೆ ಬಟ್ಟೆ ಸುತ್ತಿ ಒಂದು ಗಂಟೆ ಇಟ್ಟ ಮೇಲೆ ಬಿಟ್ಟುಕೊಂಡಿತು. ನಿಬ್ಬಿನ ಮೇಲೆ ಶಾಯಿ ಹೊಪ್ಪಳೆಯಂತೆ ಕಟ್ಟಿತ್ತು.

ರಾತ್ರಿ ಸ್ಟೀಲ್ ಲೋಟದಲ್ಲಿ ತಣ್ಣೀರು ತುಂಬಿ ನಿಬ್ಬಿನ ಭಾಗ ಮಾತ್ರ ಮುಳುಗುವಂತೆ ನಿಲ್ಲಿಸಿದೆ. ಬಿಸಿನೀರು ಹಾಕಬಾರದು, ಎಬೋನೈಟು ಬಣ್ಣಗೆಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ನಿಬ್ಬಿನ ತುದಿಯಿಂದ ನೀಲಿಯ ಒಂದು ಎಳೆ ನೇರವಾಗಿ ಲೋಟದ ತಳಕ್ಕೆ ಇಳಿದು ಅಲ್ಲಿ ಹೊಗೆಯ ಹಾಗೆ ಹರಡಿಕೊಂಡಿತ್ತು. ಎಷ್ಟೋ ವರ್ಷದ ಹಿಂದೆ ಅಪ್ಪ ತುಂಬಿದ್ದ ಶಾಯಿ ಅದು. ಐದು ಸಲ ನೀರು ಬದಲಾಯಿಸಿದ ಮೇಲೆ ತಿಳಿಯಾಯಿತು. ಒರೆಸಿ ಒಣಗಿಸಿ, ಫಿಲ್ಲರಿನಲ್ಲಿ ಶಾಯಿ ತುಂಬಿ ಬರೆದೆ. ಸೊಗಸಾಗಿ ಬರೆಯಿತು, ಅರ್ಧ ಪುಟ. ಆಮೇಲೆ ಅಕ್ಷರ ತೆಳುವಾಗುತ್ತಾ ಬಂದು ನಿಂತೇ ಹೋಯಿತು.

ಮತ್ತೆ ತೊಳೆದೆ. ಮತ್ತೆ ಅರ್ಧ ಪುಟ. ಮೂರನೇ ಸಲ ಶಾಯಿ ಎಷ್ಟಿದೆ ನೋಡೋಣವೆಂದು ಪೆನ್ನಿನ ಹೊಟ್ಟೆಯನ್ನು ಅರ್ಧ ಸುತ್ತು ಸಡಿಲಿಸಿದೆನೋ ಇಲ್ಲವೋ, ನಿಬ್ಬಿನಿಂದ ದಪ್ಪ ಹನಿಯೊಂದು ಟಪಕ್ಕನೆ ಕಾಗದದ ಮೇಲೆ ಬಿತ್ತು. ಹಾಗೇ ಬರೆದು ನೋಡಿದರೆ ಪೆನ್ನು ಓಡುತ್ತಿದೆ! ಗಟ್ಟಿಯಾಗಿ ತಿರುಗಿಸಿದರೆ ಕೆಲವು ಸಾಲಿಗೆ ಮತ್ತೆ ಬಂದ್.

ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಇದನ್ನೆಲ್ಲ ನೋಡುತ್ತಿದ್ದ ಅಮ್ಮ, “ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದ ಹಾಗಾಯ್ತಲ್ಲೇ ಇದು” ಅಂದಳು.

ಹೌದಲ್ಲ! ಹೊಸ ಎಣ್ಣೆ ಡಬ್ಬಿಗೆ ಮೊಳೆ ಹೊಡೆದು ಒಂದೇ ತೂತು ಮಾಡಿದರೆ ಎಣ್ಣೆ ಬಿಕ್ಕುತ್ತಾ ಬಿಕ್ಕುತ್ತಾ ಬರುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದರೆ ದಾರವಿಟ್ಟ ಹಾಗೆ ಇಳಿಯುತ್ತದೆ. ನಾನು ಇಷ್ಟು ಹೊತ್ತೂ ಶಾಯಿಯ ದಾರಿಯನ್ನು ತೊಳೆಯುತ್ತಿದ್ದೆ. ಕಟ್ಟಿಕೊಂಡಿದ್ದದ್ದು ಗಾಳಿಯ ದಾರಿ.

ಅಮ್ಮ ಒಂದು ಮಾತಿನಲ್ಲಿ ಹೇಳಿದ ಈ ಸಂಗತಿಯನ್ನು ಪೆನ್ನಿನೊಳಗೆ ಕೂರಿಸುವುದಕ್ಕೆ ಜಗತ್ತಿಗೆ ನೂರಾರು ವರ್ಷ ಬೇಕಾಯಿತು.

ಶಾಯಿಯನ್ನು ತನ್ನೊಳಗೇ ಇಟ್ಟುಕೊಂಡ ಪೆನ್ನು ಬೇಕೆಂಬ ಆಸೆ ಬಹಳ ಹಳೆಯದು. ಉತ್ತರ ಆಫ್ರಿಕವನ್ನು ಆಳುತ್ತಿದ್ದ ಫಾತಿಮಿ ದೊರೆ ಅಲ್ ಮುಯಿಝ್ ಹತ್ತನೇ ಶತಮಾನದಲ್ಲೇ ಅಂಥದೊಂದನ್ನು ಮಾಡಿಸಿದನೆಂದು ಅವನ ಆಸ್ಥಾನದ ನ್ಯಾಯಾಧಿಕಾರಿ ಅಲ್ ನುಮಾನ್ ಬರೆದಿಟ್ಟಿದ್ದಾನೆ. ತಲೆಕೆಳಗು ಹಿಡಿದರೂ ಅದರಿಂದ ಶಾಯಿ ಚೆಲ್ಲುತ್ತಿರಲಿಲ್ಲವಂತೆ. ಅದರ ಒಳಗುಟ್ಟು ಮಾತ್ರ ನಮ್ಮವರೆಗೆ ಬರಲಿಲ್ಲ. 1636ರಲ್ಲಿ ಜರ್ಮನಿಯ ಡೇನಿಯಲ್ ಶ್ವೆಂಟರ್ ಒಂದು ಗರಿಯೊಳಗೆ ಇನ್ನೊಂದು ಗರಿ ಸೇರಿಸಿ, ಒಳಗಿನದಕ್ಕೆ ಶಾಯಿ ತುಂಬಿ ಬಿರಡೆ ಹಾಕುವ ಉಪಾಯವನ್ನು ತನ್ನ ಪುಸ್ತಕದಲ್ಲಿ ವಿವರಿಸಿದ. ಲಂಡನ್ನಿನ ಜೋಸೆಫ್ ಬ್ರಾಮಾ 1809ರಲ್ಲಿ, ಜಾನ್ ಶೆಫರ್ 1819ರಲ್ಲಿ ಪೇಟೆಂಟ್ ಪಡೆದರು. ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ರೊಮೇನಿಯದ ವಿದ್ಯಾರ್ಥಿ ಪೆತ್ರಾಕೆ ಪೊಯೆನಾರು 1827ರ ಮೇ 25ರಂದು ಫ್ರೆಂಚ್ ಸರ್ಕಾರದಿಂದ ಪೇಟೆಂಟ್ ಪಡೆದ. ತನಗೆ ತಾನೇ ಶಾಯಿ ಒದಗಿಸಿಕೊಳ್ಳುವ, ಮುಗಿಯದ, ಜೇಬಿಗೆ ಹಾಕಿಕೊಳ್ಳಬಹುದಾದ ಪೆನ್ನು ಎಂದು ಅದನ್ನು ಕರೆದುಕೊಂಡ.

ಇಂಥ ಪೆನ್ನುಗಳನ್ನು ಮಾಡಿದವರು ಹೆಚ್ಚಾಗಿ ಪೆನ್ನನ್ನು ಪುಟ್ಟದೊಂದು ಕೊಡ ಎಂದು ತಿಳಿದರು. ಕೊಡದಿಂದ ಶಾಯಿಯನ್ನು ಕೆಳಗಿಳಿಸುವುದು ಹೇಗೆ ಎಂಬುದೇ ಅವರ ಚಿಂತೆ. ಅದಕ್ಕೇ ಒಬ್ಬರು ಹಿಸುಕುವ ಕೊಳವೆ ಮಾಡಿದರು, ಇನ್ನೊಬ್ಬರು ಒತ್ತುವ ಗುಂಡಿ, ಮತ್ತೊಬ್ಬರು ತಿರುಗಿಸುವ ನಲ್ಲಿ. ಬರೆಯುವವನೇ ನೀರುಗಂಟಿಯ ಹಾಗೆ ತೂಬು ತೆರೆದು ಮುಚ್ಚುತ್ತಿರಬೇಕು. ಕಮ್ಮಿ ಬಿಟ್ಟರೆ ಪೆನ್ನು ಒಣಗಿತು, ಜಾಸ್ತಿ ಬಿಟ್ಟರೆ ಕಾಗದದ ಮೇಲೆ ಕೆರೆ.

ನನಗೆ ಅಚ್ಚರಿಯೆಂದರೆ, ಬೇಕಾದ ವಿಜ್ಞಾನ ಆಗಲೇ ಇತ್ತು. ಕಿರಿದಾದ ಸಂದಿಯಲ್ಲಿ ನೀರು ತಾನಾಗಿ ಏರುತ್ತದೆ, ಸಂದಿ ಕಿರಿದಾದಷ್ಟೂ ಹೆಚ್ಚು ಏರುತ್ತದೆ ಎಂಬುದನ್ನು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜುರಿನ್ ಹದಿನೆಂಟನೇ ಶತಮಾನದ ಆರಂಭದಲ್ಲೇ ಅಳೆದು ತೋರಿಸಿದ್ದ. ಶಾಲೆಯಲ್ಲಿ ನಾವು ಲೋಮನಾಳ ಕ್ರಿಯೆ ಎಂದು ಉರು ಹೊಡೆದದ್ದು ಇದನ್ನೇ. ದೇವರ ಮನೆಯಲ್ಲಿ ಬತ್ತಿಯ ಎಳೆ ಹಿಡಿದು ಎಣ್ಣೆ ಮೇಲೇರುವುದು ಹೀಗೆಯೇ. ಡೆಸ್ಕಿನ ಮೇಲೆ ಶಾಯಿ ಚೆಲ್ಲಿದಾಗ ಸೀಮೆಸುಣ್ಣದ ತುಂಡಿಟ್ಟು ಹೀರಿಸುತ್ತಿದ್ದೆವಲ್ಲ, ಬಿಳಿಯ ಕಡ್ಡಿಯೊಳಗೆ ನೀಲಿ ಏರುವುದನ್ನು ಕಣ್ಣರಳಿಸಿ ನೋಡುತ್ತಿದ್ದೆವಲ್ಲ, ಅದೂ ಇದೇ. ಚೊಕ್ಕವಾದ ಎರಡು ಗಾಜಿನ ಹಲಗೆಗಳ ನಡುವೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಂದಿ ಬಿಟ್ಟು ನೀರಿಗೆ ಇಳಿಸಿದರೆ, ನೀರು ಸುಮಾರು 15 ಸೆಂಟಿಮೀಟರ್ ಏರಬಲ್ಲದು. ಸಂದಿಯನ್ನು ಅರ್ಧ ಮಾಡಿದರೆ ಎತ್ತರ ಎರಡರಷ್ಟಾಗುತ್ತದೆ. ಅಷ್ಟು ಬಲ ಆ ಸಂದಿಗೆ. ಈ ಅರಿವು ಪುಸ್ತಕದಿಂದ ಪೆನ್ನು ಮಾಡುವವರ ಕೆಲಸದ ಮೇಜಿಗೆ ಬರಲು ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಅದನ್ನು ಅಲ್ಲಿಗೆ ತಂದವನು ವಿಜ್ಞಾನಿಯಲ್ಲ. ನ್ಯೂಯಾರ್ಕ್ ರಾಜ್ಯದ ಡೆಕಟೂರ್ ಎಂಬ ಊರಿನಲ್ಲಿ ಹುಟ್ಟಿ, ಮೇಷ್ಟರಾಗಿ, ಪುಸ್ತಕ ಮಾರಿ, ವಿಮೆ ಮಾಡಿಸಿ ಬದುಕಿದ ಲೂಯಿಸ್ ಎಡ್ಸನ್ ವಾಟರ್‌ಮನ್. ಅವನ ಬಗ್ಗೆ ಎಲ್ಲರೂ ಹೇಳುವ ಕತೆಯೊಂದಿದೆ. ದೊಡ್ಡ ವಿಮೆಯ ಕರಾರಿಗೆ ಗಿರಾಕಿ ಸಹಿ ಹಾಕುವ ಹೊತ್ತಿಗೆ ಹೊಸ ಪೆನ್ನು ಶಾಯಿ ಕಾರಿ ಕಾಗದವೆಲ್ಲ ಹಾಳಾಯಿತು, ಇನ್ನೊಂದು ಪ್ರತಿ ತರುವಷ್ಟರಲ್ಲಿ ಬೇರೆ ಏಜೆಂಟನೊಬ್ಬ ಆ ವ್ಯವಹಾರ ಹೊಡೆದುಕೊಂಡ, ಆ ಹಟದಲ್ಲಿ ವಾಟರ್‌ಮನ್ ಪೆನ್ನು ಕಂಡುಹಿಡಿದ ಎಂದು. ಈ ಕತೆ ಹರಡಿದ್ದು 1901ರಲ್ಲಿ ಅವನು ತೀರಿಕೊಂಡ ಮೇಲೆ, ಪೆನ್ನಿನ ಪ್ರಚಾರದ ಬರಹಗಳಲ್ಲಿ. ನಾನು ಇದನ್ನು ನಂಬುವುದಿಲ್ಲ. ನಂಬುವ ಅಗತ್ಯವೂ ಇಲ್ಲ, ಏಕೆಂದರೆ 1884ರ ಫೆಬ್ರುವರಿ 12ರಂದು ಅವನಿಗೆ ದೊರೆತ 2,93,545ನೇ ಸಂಖ್ಯೆಯ ಅಮೆರಿಕನ್ ಪೇಟೆಂಟಿನಲ್ಲಿ ಇರುವುದು ಈ ಕತೆಗಿಂತ ಸ್ವಾರಸ್ಯವಾಗಿದೆ.

ನಿಬ್ಬಿನ ಕೆಳಗೆ ಅಂಟಿಕೊಂಡಿರುವ ಕರಿಯ ಕಡ್ಡಿಯನ್ನು ನಾವು ನಾಲಿಗೆ ಎನ್ನುತ್ತಿದ್ದೆವು. ವಾಟರ್‌ಮನ್ ಕೈಯಿಟ್ಟದ್ದು ಅದಕ್ಕೆ. ನಾಲಿಗೆಯ ಮೇಲ್ಮೈಯಲ್ಲಿ ಉದ್ದಕ್ಕೆ ಒಂದು ಅಗಲವಾದ ಕಾಲುವೆ ತೋಡಿದ. ಆ ಕಾಲುವೆಯ ತಳದಲ್ಲಿ ಗರಗಸದಿಂದ ಕೂದಲಿನಂಥ ಸಣ್ಣ ಸೀಳುಗಳನ್ನು ಕೊಯ್ದ. ಇಷ್ಟೇ. ನಲ್ಲಿಯಿಲ್ಲ, ಗುಂಡಿಯಿಲ್ಲ. ಸೀಳುಗಳು ಸಣ್ಣವಾದ್ದರಿಂದ ಶಾಯಿಯನ್ನು ಹಿಡಿದುಕೊಳ್ಳುತ್ತವೆ, ಎಂದೂ ಬರಿದಾಗುವುದಿಲ್ಲ. ಅಗಲವಾದ ಕಾಲುವೆಗೆ ಆ ಹಿಡಿತ ಇಲ್ಲ, ಅದು ಗಾಳಿಗೆ ದಾರಿ ಬಿಡುತ್ತದೆ.

ಬರೆಯುವಾಗ ಒಳಗೆ ನಡೆಯುವುದು ಹೀಗೆ. ಕಾಗದದ ನಾರುಗಳ ಸಂದಿ ಎಲ್ಲಕ್ಕಿಂತ ಕಿರಿದು, ಅದು ನಿಬ್ಬಿನ ಸೀಳಿನಿಂದ ಶಾಯಿಯನ್ನು ಎಳೆಯುತ್ತದೆ. ನಿಬ್ಬು ನಾಲಿಗೆಯ ಸೀಳಿನಿಂದ ಎಳೆಯುತ್ತದೆ, ನಾಲಿಗೆ ಹೊಟ್ಟೆಯಿಂದ ಎಳೆಯುತ್ತದೆ. ಶಾಯಿ ಹೊರಗೆ ಹೋದಷ್ಟೂ ಹೊಟ್ಟೆಯೊಳಗಿನ ಗಾಳಿ ವಿರಳವಾಗಿ ಶಾಯಿಯನ್ನು ಹಿಂದಕ್ಕೆ ಹಿಡಿಯತೊಡಗುತ್ತದೆ. ಹಿಡಿತ ಒಂದು ಮಟ್ಟ ಮುಟ್ಟಿದಾಗ ಕಾಲುವೆಯ ಮೂಲಕ ಪುಟ್ಟ ಗುಳ್ಳೆಯೊಂದು ಗುಳುಕ್ಕನೆ ಒಳಗೆ ಹೋಗುತ್ತದೆ. ಬಿಗಿ ಸಡಿಲವಾಗಿ ಮತ್ತೆ ಶಾಯಿ ಇಳಿಯುತ್ತದೆ. ಬರೆದಷ್ಟೇ ಶಾಯಿ, ಶಾಯಿ ಹೋದಷ್ಟೇ ಗಾಳಿ. ಪೆನ್ನು ಬರೆಯುವುದೂ ಉಸಿರಾಡುವುದೂ ಒಂದೇ ಕೆಲಸ. ಕಟ್ಟಿಕೊಳ್ಳುವುದು, ಕಾರಿಕೊಳ್ಳುವುದು ಬೇರೆ ಬೇರೆ ರೋಗಗಳಲ್ಲ, ಈ ಉಸಿರಾಟದ ಲಯ ತಪ್ಪುವ ಎರಡು ಬಗೆ ಎಂದು ನನಗೆ ಆಗ ಹೊಳೆಯಿತು.

ಈ ಕಣ್ಣಿನಿಂದ ನೋಡಿದರೆ ಶಾಲೆಯಲ್ಲಿ ನಾವು ಪೆನ್ನಿಗೆ ಮಾಡುತ್ತಿದ್ದ ಔಷಧಗಳ ಅರ್ಥ ಬದಲಾಗುತ್ತದೆ. ಶಾಯಿ ಬರದಿದ್ದರೆ ಅರ್ಧ ಬ್ಲೇಡನ್ನು ನಿಬ್ಬಿನ ಸೀಳಿಗೆ ತೂರಿಸಿ ಅಗಲ ಮಾಡುತ್ತಿದ್ದೆವು. ಕಸ ಕೂತಿದ್ದರೆ ಅದು ಹೋಗಿ ಪೆನ್ನು ಬರೆಯುತ್ತಿತ್ತು, ನಿಜ. ಆದರೆ ತುದಿಯಲ್ಲಿ ಸೀಳು ಒಮ್ಮೆ ಬಾಯಿ ಬಿಟ್ಟರೆ ಶಾಯಿಯನ್ನು ಎಳೆಯುವ ಬಲವೇ ಹೋಗುತ್ತದೆ. ಅಗಲ ಮಾಡಿದಷ್ಟೂ ಶಾಯಿ ಜಾಸ್ತಿ ಬರಬೇಕು ಎಂಬುದು ನಲ್ಲಿಯ ಲೆಕ್ಕ. ಪೆನ್ನಿನ ಲೆಕ್ಕ ಅದಕ್ಕೆ ಉಲ್ಟಾ. ಒತ್ತಿ ಒತ್ತಿ ಬರೆದು ಎರಡು ಹಲ್ಲು ಅಗಲಿಸಿಕೊಂಡ ನಿಬ್ಬುಗಳು ತುದಿಯವರೆಗೆ ಶಾಯಿ ಇದ್ದೂ ಬರೆಯದಿರುವುದು ಇದರಿಂದಲೇ.

ಹೊಸ ಪೆನ್ನು ಬಿಟ್ಟು ಬಿಟ್ಟು ಬರೆಯುವುದಕ್ಕೂ ಹೆಚ್ಚಿನ ಸಲ ಕಾರಣ ಸಣ್ಣದು. ನಾಲಿಗೆಯನ್ನು ಕೊರೆಯುವಾಗ, ಅಚ್ಚು ಹಾಕುವಾಗ ಬಳಸಿದ ಎಣ್ಣೆಯ ಪಸೆ ಸೀಳಿನೊಳಗೆ ಉಳಿದಿರುತ್ತದೆ. ಎಣ್ಣೆ ಹಚ್ಚಿದ ತಲೆಯ ಮೇಲೆ ನೀರು ನಿಲ್ಲದ ಹಾಗೆ, ಪಸೆಯಿರುವ ಸಂದಿಗೆ ಶಾಯಿ ಹತ್ತುವುದಿಲ್ಲ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ತೊಳೆದು, ಆಮೇಲೆ ಬರಿ ನೀರಿನಲ್ಲಿ ಚೆನ್ನಾಗಿ ಜಾಲಿಸಿದರೆ ಸಾಕು. ಸ್ಪಿರಿಟ್ ಮಾತ್ರ ಹಾಕಬಾರದು, ಕೆಲವು ಬಗೆಯ ಪೆನ್ನಿನ ಮೈಯೇ ಕರಗುತ್ತದೆ.

ವಾಟರ್‌ಮನ್ನನಿಂದ ಶಾಯಿ ಹರಿಯುವ ಪ್ರಶ್ನೆ ಬಗೆಹರಿಯಿತು, ಜೇಬಿನ ಪ್ರಶ್ನೆ ಉಳಿಯಿತು. ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್‌ನಲ್ಲಿ ಟೆಲಿಗ್ರಾಫ್ ಕಲಿಸುತ್ತಿದ್ದ ಜಾರ್ಜ್ ಸ್ಯಾಫರ್ಡ್ ಪಾರ್ಕರ್ ಸಂಬಳ ಸಾಲದೆ ವಿದ್ಯಾರ್ಥಿಗಳಿಗೆ ಪೆನ್ನು ಮಾರುತ್ತಿದ್ದ. ಮಾರಿದ ಪೆನ್ನುಗಳು ಸೋರಿಕೊಂಡು ಅವನ ಬಳಿಗೇ ವಾಪಸು ಬರುತ್ತಿದ್ದವು. ಮೇಷ್ಟರಾದವನಿಗೆ ಹುಡುಗರ ಮುಂದೆ ಮಾತು ಹೋಗಬಾರದಲ್ಲ, ಸಣ್ಣ ಸಲಕರಣೆ ಇಟ್ಟುಕೊಂಡು ಒಂದೊಂದನ್ನೂ ರಿಪೇರಿ ಮಾಡಿಕೊಟ್ಟ. ರಿಪೇರಿ ಮಾಡುತ್ತಾ ಮಾಡುತ್ತಾ ಪೆನ್ನಿನ ಒಳಗು ಅರ್ಥವಾಗಿ ತಾನೇ ಪೆನ್ನು ಮಾಡಿದ, 1889ರಲ್ಲಿ ಮೊದಲ ಪೇಟೆಂಟ್ ಪಡೆದ. ಪೆನ್ನನ್ನು ಜೇಬಿನಲ್ಲಿ ನಿಬ್ಬು ಮೇಲಾಗಿ ನಿಲ್ಲಿಸಿದರೂ ನಾಲಿಗೆಯ ಸೀಳಿನಲ್ಲಿ ಶಾಯಿ ಹಿಡಿದುಕೊಂಡೇ ಇರುತ್ತದೆ. ಎದೆಯ ಬಿಸಿಗೆ ಹೊಟ್ಟೆಯೊಳಗಿನ ಗಾಳಿ ಹಿಗ್ಗಿ ಆ ಶಾಯಿಯನ್ನು ಮುಚ್ಚಳದೊಳಕ್ಕೆ ನೂಕುತ್ತದೆ. ತೆಗೆದವರ ಬೆರಳೆಲ್ಲ ನೀಲಿ. 1894ರಲ್ಲಿ ಪಾರ್ಕರ್ ನಾಲಿಗೆಯ ಹಿಂದಿನ ತುದಿಯನ್ನು ಬಾಗಿಸಿ ಹೊಟ್ಟೆಯ ಗೋಡೆಗೆ ತಾಗಿಸಿದ. ತಾಗಿದ ಜಾಗದ ಸಂದಿ ಹಿಡಿದು ಶಾಯಿ ಒಳಕ್ಕೆ ಇಳಿದುಹೋಗುವಂತಾಯಿತು. ಅದನ್ನು ಲಕ್ಕಿ ಕರ್ವ್ ಎಂದು ಕರೆದರು.

ಆ ಬಿಸಿಯ ಲೆಕ್ಕವನ್ನು ನಾನು ಅಪ್ಪನ ಪೆನ್ನಿಗೇ ಹಾಕಿ ನೋಡಿದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ತನ್ನ ಗಾತ್ರದ ಸುಮಾರು ಮುನ್ನೂರನೇ ಒಂದು ಭಾಗ ಹಿಗ್ಗುತ್ತದೆ. ಶಾಯಿ ಮುಗಿಯುತ್ತಾ ಬಂದ ಪೆನ್ನಿನಲ್ಲಿ ಎರಡೂವರೆ ಮಿಲಿಲೀಟರ್ ಗಾಳಿ ಇದೆ ಎನ್ನೋಣ. ಕೈಯ ಕಾವಿಗೆ ಅದು ಹತ್ತು ಡಿಗ್ರಿ ಬೆಚ್ಚಗಾದರೆ 0.08 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಅಂದರೆ ಒಂದೂವರೆ ಹನಿಗಿಂತ ಜಾಸ್ತಿ ಶಾಯಿ ಹೊರಕ್ಕೆ! ಹೊಟ್ಟೆ ತುಂಬಿದ್ದು ಗಾಳಿ ಕಾಲು ಮಿಲಿಲೀಟರ್ ಮಾತ್ರ ಇದ್ದರೆ ಅದರ ಹತ್ತನೇ ಒಂದು ಪಾಲು, ಯಾರಿಗೂ ಗೊತ್ತಾಗದು. ಪರೀಕ್ಷೆಯ ಕೊನೇ ಅರ್ಧ ಗಂಟೆಯಲ್ಲೇ ಪೆನ್ನು ಉತ್ತರ ಪತ್ರಿಕೆಯ ಮೇಲೆ ಕಾರಿಕೊಳ್ಳುತ್ತಿದ್ದದ್ದು ಹಣೆಬರಹವಲ್ಲ. ಮೂರನೇ ಒಂದು ಭಾಗ ಉಳಿದಿರುವಾಗಲೇ ಮತ್ತೆ ತುಂಬಿಕೊಳ್ಳಬೇಕಿತ್ತು.

ಹೀಗೆ ಉಕ್ಕಿ ಬರುವ ಶಾಯಿಗೆ ತಂಗುವ ಜಾಗ ಕೊಡಬೇಕೆಂಬುದು ಮುಂದಿನ ಹೆಜ್ಜೆ. 1899ರಲ್ಲಿ ವಾಟರ್‌ಮನ್ ನಾಲಿಗೆಯ ಎರಡು ಮಗ್ಗುಲಲ್ಲಿ ಚಮಚದಂಥ ಗುಳಿ ಮಾಡಿದ. ಆಮೇಲೆ ಬಂದದ್ದು ಬಾಚಣಿಗೆ. ಇಂದಿನ ಪೆನ್ನುಗಳ ನಾಲಿಗೆಯಲ್ಲಿ ಸಾಲಾಗಿ ಕಾಣುವ ಹಲ್ಲುಗಳು ಅಂದಕ್ಕಲ್ಲ, ಹೆಚ್ಚಾದ ಶಾಯಿಯನ್ನು ಸಂದಿಗಳಲ್ಲಿ ಹಿಡಿದಿಟ್ಟು ಬೇಕಾದಾಗ ವಾಪಸು ಕೊಡುವುದಕ್ಕೆ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51 ಪೆನ್ನಿನಲ್ಲಿ ಈ ಬಾಚಣಿಗೆಯನ್ನು ಬರೆಯುವವರ ಬೆರಳಡಿಯ ಕವಚದೊಳಗೇ ಅಡಗಿಸಿದ್ದರು.

ಶಾಯಿಯ ಕತೆ ಇದಕ್ಕೆ ಸಮಾನಾಂತರವಾಗಿ ಬೇರೆಯೇ ನಡೆಯಿತು. ನಮ್ಮ ಕಡೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದರು. ಯುರೋಪಿನಲ್ಲಿ ಓಕ್ ಮರದ ಗಂಟುಕಾಯಿಗೆ ಅದೇ ಅನ್ನಭೇದಿ. ಕಾಯಿಯ ಒಗರು ಕಬ್ಬಿಣದೊಂದಿಗೆ ಕೂಡಿ, ಗಾಳಿ ತಾಗಿ ಕರ್ರಗಾಗುತ್ತದೆ. ಆ ಕಪ್ಪು ನೀರಿನಲ್ಲಿ ಕರಗದ ಗಸಿ. ಅದ್ದಿ ಬರೆಯುವ ಟಾಕಿಗೆ ಅದರಿಂದ ತೊಂದರೆಯಿಲ್ಲ, ಒರೆಸಿಟ್ಟರೆ ಮುಗಿಯಿತು. ಕೂದಲಿನಂಥ ಸೀಳಿಗೆ ಅದು ಗಾರೆಯಿದ್ದ ಹಾಗೆ. 1830ರ ದಶಕದಲ್ಲಿ ಲಂಡನ್ನಿನ ಹೆನ್ರಿ ಸ್ಟೀಫನ್ಸ್ ಇದಕ್ಕೆ ಜಾಣ ದಾರಿ ಕಂಡುಕೊಂಡ. ಸೀಸೆಯಲ್ಲಿ ತಿಳಿದ್ರವವಾಗಿಯೇ ಇದ್ದು ಕಾಗದದ ಮೇಲೆ ಬಿದ್ದ ಮೇಲೆ ಕಪ್ಪಾಗುವ ಶಾಯಿ ಮಾಡಿದ. ಬರೆಯುವಾಗ ಕಣ್ಣಿಗೆ ಕಾಣಲೆಂದು ಅದಕ್ಕೆ ನೀಲಿ ಬೆರೆಸಿದ. ಬ್ಲೂ ಬ್ಲ್ಯಾಕ್ ಎಂಬ ಹೆಸರು ಅಲ್ಲಿಂದ ಬಂತು. 1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿದ ಮೇಲೆ, ನೀರಿನಲ್ಲಿ ಪೂರ್ತಿ ಕರಗುವ, ಗಸಿ ಕಟ್ಟದ ಬಣ್ಣಗಳ ದಾರಿ ತೆರೆಯಿತು. ಒಣಗಿದರೂ ನೀರು ಹಾಕಿದರೆ ಮತ್ತೆ ಕರಗುವ ಶಾಯಿ. ಅಪ್ಪನ ಪೆನ್ನಿನಿಂದ ಲೋಟದೊಳಕ್ಕೆ ಇಳಿದ ನೀಲಿ ಎಳೆ ಇಂಥದೇ ಬಣ್ಣದ್ದು. ಚಿತ್ರ ಬರೆಯುವ ಕರಿ ಇಂಡಿಯನ್ ಇಂಕನ್ನು ನಮ್ಮ ತರಗತಿಯ ಹುಡುಗನೊಬ್ಬ ಇಂಥ ಪೆನ್ನಿಗೆ ತುಂಬಿದ್ದ. ಅದರಲ್ಲಿರುವುದು ಮಸಿಯ ಕಣ, ಅರಗು. ಆ ಪೆನ್ನು ಮತ್ತೆ ಬರೆಯಲಿಲ್ಲ.

ಭಾರತದಲ್ಲಿ ಪೆನ್ನು ಮಾಡುವುದು ಸ್ವದೇಶಿಯ ಮಾತಾದಾಗ ರಾಜಮಹೇಂದ್ರಿಯ ಕೆ.ವಿ. ರತ್ನಂ ಎಬೋನೈಟಿನ ಕಡ್ಡಿಯನ್ನು ಲೇತಿನಲ್ಲಿ ಕಡೆದು ಪೆನ್ನು ಮಾಡಿ ಗಾಂಧೀಜಿಗೆ ಕಳಿಸಿದ್ದರು, 1935ರಲ್ಲಿ ಗಾಂಧೀಜಿ ಮೆಚ್ಚಿ ಪತ್ರ ಬರೆದರು. ಅಪ್ಪನದೂ ಆ ಜಾತಿಯದೇ: ಫಿಲ್ಲರಿನಿಂದ ನೇರ ಹೊಟ್ಟೆಗೆ ಶಾಯಿ, ಎಬೋನೈಟಿನ ನಾಲಿಗೆ, ಸ್ಟೀಲ್ ನಿಬ್ಬು. ಮಾಡಿದವರ ಹೆಸರು ಉಜ್ಜಿ ಹೋಗಿತ್ತು.

ಇನ್ನು ಬಿಚ್ಚದೆ ವಿಧಿಯಿಲ್ಲ ಎಂದು ಹಳೆಯ ಸೈಕಲ್ ಟ್ಯೂಬಿನ ತುಂಡಿನಲ್ಲಿ ನಿಬ್ಬನ್ನೂ ನಾಲಿಗೆಯನ್ನೂ ಒಟ್ಟಿಗೆ ಹಿಡಿದು ಮೆಲ್ಲಗೆ, ತಿರುಚದೆ ಎಳೆದೆ. ನೆನೆದಿದ್ದರಿಂದ ಬಂತು. ನಿಬ್ಬು ಎತ್ತಿ ಭೂತಗನ್ನಡಿ ಹಿಡಿದು ನೋಡಿದರೆ, ತಳದ ಎರಡು ಸೀಳುಗಳು ತೊಳೆದು ಚೊಕ್ಕವಾಗಿದ್ದವು, ಆದರೆ ಮೇಲಿನ ಅಗಲ ಕಾಲುವೆಯ ಹಿಂಭಾಗ ಪೂರ್ತಿ ತುಂಬಿಹೋಗಿತ್ತು. ಪದರ ಪದರವಾಗಿ, ಒಂದು ಕಡುನೀಲಿ, ಮೇಲೊಂದು ಕಪ್ಪು, ಮತ್ತೆ ನೀಲಿ. ಅಪ್ಪ ಕೈಗೆ ಸಿಕ್ಕ ಶಾಯಿ ತುಂಬುತ್ತಿದ್ದರು. ಶಾಲೆಗೆ ಯಾವುದು ಬಂದರೆ ಅದು. ಕೆಲವು ಶಾಯಿ ಆಮ್ಲೀಯ, ಕೆಲವು ಕ್ಷಾರೀಯ. ನಡುವೆ ತೊಳೆಯದೆ ಒಂದರ ಮೇಲೊಂದು ತುಂಬಿದರೆ ಬಣ್ಣ ಒಡೆದು ಹಾಲು ಒಡೆದ ಹಾಗೆ ಗಸಿ ಇಳಿಯುತ್ತದೆ. ಬರಿ ನೀರಿಗೆ ಅದು ಬಗ್ಗಿರಲಿಲ್ಲ.

ಮೆತ್ತನೆಯ ಹಳೆಯ ಟೂತ್ ಬ್ರಷ್ಷಿನ ಒಂದೇ ಸಾಲು ಕೂದಲು ಉಳಿಸಿ ಉಳಿದದ್ದನ್ನು ಕತ್ತರಿಸಿದೆ. ಸೋಪಿನ ನೀರು ಹಾಕಿ ಕಾಲುವೆಯ ಉದ್ದಕ್ಕೆ ಎಳೆದೆ. ಗಸಿ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಸೀಳುಗಳಿಗೆ ಮಾತ್ರ ಏನೂ ತೂರಿಸಲಿಲ್ಲ, ಅವು ಅಗಲವಾದರೆ ಆ ಪೆನ್ನಿನ ಕತೆ ಮುಗಿದಂತೆ. ನಿಬ್ಬಿನ ಸೀಳು ನಾಲಿಗೆಯ ನಡುಗೆರೆಗೆ ನೇರ ಕೂರುವಂತೆ ಹೊಂದಿಸಿ ಮತ್ತೆ ಒತ್ತಿದೆ.

ಕುತ್ತಿಗೆಯ ಸುರುಳಿಯವರೆಗೆ ಶಾಯಿ ತುಂಬಿ, ಗಟ್ಟಿಯಾಗಿ ತಿರುಗಿಸಿ ಬರೆಯಲು ಕೂತೆ. ಅರ್ಧ ಪುಟ ದಾಟಿತು. ಪುಟ ಮುಗಿಯಿತು. ಎರಡನೇ ಪುಟದ ನಡುವೆ ಪೆನ್ನನ್ನು ಕಿವಿಯ ಹತ್ತಿರ ಹಿಡಿದೆ, ಗುಳ್ಳೆಯ ಸದ್ದು ಕೇಳಿದ ಹಾಗಾಯಿತು. ಒಂದು ದೋಷ ಮಾತ್ರ ಉಳಿಯಿತು. ‘ಗ’ದ ಬಳಸು ತಿರುಗುವಲ್ಲಿ ನಿಬ್ಬು ಕಾಗದವನ್ನು ಕೆರೆದು ಒಂದು ಚೂರು ಅಕ್ಷರ ಬಿಡುತ್ತಿತ್ತು. ಶಾಯಿಯ ತಪ್ಪಲ್ಲ ಅದು. ಗಾಜಿನಡಿ ನೋಡಿದರೆ ನಿಬ್ಬಿನ ತುದಿ ಒಂದು ಮಗ್ಗುಲಿಗೆ ಓರೆಯಾಗಿ ಸವೆದಿತ್ತು.

ಅಮ್ಮ ಕೈಚಾಚಿ ಪೆನ್ನು ಇಸಿದುಕೊಂಡಳು. “ಅವರು ಹಿಂಗೆ ಹಿಡೀತಿದ್ರು” ಎಂದು ಪೆನ್ನನ್ನು ಎಡಕ್ಕೆ ಸ್ವಲ್ಪ ಹೊರಳಿಸಿ, ತೀರಾ ಮಲಗಿಸಿ ಹಿಡಿದು ನನ್ನ ಕೈಗಿಟ್ಟಳು. ಹಾಗೇ ಹಿಡಿದು ‘ಗ’ ಬರೆದೆ. ಎಲ್ಲೂ ಬಿಡಲಿಲ್ಲ.